ಗದ್ದೆಯ ಉಸಿರಿನ ಲೆಕ್ಕ: ಭತ್ತದ ಮಣ್ಣು, ಮೀಥೇನ್ ಮತ್ತು ಎ.ಪಿ. ಮಿತ್ರ ಅವರ ಸಂಶೋಧನೆ

ಜನಪದರ ದೃಷ್ಟಿಯಲ್ಲಿ ಮಣ್ಣು ಜಡವಸ್ತುವಲ್ಲ. ಅದು ದಣಿಯುತ್ತದೆ, ಹದಕ್ಕೆ ಬರುತ್ತದೆ, ಬೆದೆಗೊಳ್ಳುತ್ತದೆ. ಬಿತ್ತನೆಗೆ ತಕ್ಕಷ್ಟು ತೇವವನ್ನು ಹಿಡಿದ ಭೂಮಿಗೂ, ಗರ್ಭಧಾರಣೆಗೆ ಸಿದ್ಧವಾದ ಹಸುವಿಗೂ ಕನ್ನಡದಲ್ಲಿ ‘ಬೆದೆ’ ಎಂಬ ಒಂದೇ ಮಾತು ಬಳಕೆಯಲ್ಲಿದೆ. ಮಣ್ಣು ಜೀವಂತವಾದುದು ಎಂಬ ಈ ಗ್ರಹಿಕೆಯನ್ನು ಆಧುನಿಕ ವಿಜ್ಞಾನವು ಬೇರೊಂದು ದಾರಿಯಿಂದ ಬಂದು ಒಪ್ಪಿಕೊಂಡಿದೆ. ಮಣ್ಣಿನಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳು ಅನಿಲಗಳನ್ನು ಒಳಗೆಳೆದುಕೊಳ್ಳುತ್ತವೆ, ಹೊರಗೆ ಬಿಡುತ್ತವೆ. ಹೀಗೆ ಹೊರಬರುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಎಂಬ ಮೂರು ಅನಿಲಗಳು ಭೂಮಿಯ ಶಾಖವನ್ನು ಹಿಡಿದಿಡುವ ಹಸಿರುಮನೆ ಅನಿಲಗಳಾಗಿವೆ. ಆದ್ದರಿಂದ ಗದ್ದೆಯ ಮಣ್ಣಿನ ಉಸಿರಾಟವು ಇಂದು ಜಾಗತಿಕ ಹವಾಮಾನದ ಲೆಕ್ಕಪತ್ರದಲ್ಲಿ ಸೇರಿಹೋಗಿದೆ.

ಈ ಲೆಕ್ಕಪತ್ರದಲ್ಲಿ 1990ರ ಸುಮಾರಿಗೆ ಭಾರತದ ಹೆಸರಿನ ಮುಂದೆ ಒಂದು ದೊಡ್ಡ ಅಂಕಿ ಬರೆಯಲ್ಪಟ್ಟಿತು. ದೇಶದ ಭತ್ತದ ಗದ್ದೆಗಳು ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಅನಿಲವನ್ನು ವಾತಾವರಣಕ್ಕೆ ಸೇರಿಸುತ್ತಿವೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು ಹೇಳಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿ ಅಶೇಷ್ ಪ್ರಸಾದ್ ಮಿತ್ರ ಹಾಗೂ ಅವರ ಸಹೋದ್ಯೋಗಿಗಳು ಗದ್ದೆಗಳಿಗೇ ಇಳಿದು ಅಳೆದಾಗ ದೊರೆತ ಮೊತ್ತ ಸುಮಾರು 40 ಲಕ್ಷ ಟನ್. ಒಂಬತ್ತು ಪಟ್ಟಿಗೂ ಮೀರಿದ ಈ ಅಂತರ ಹೇಗೆ ಉಂಟಾಯಿತು, ಅದನ್ನು ಸರಿಪಡಿಸಿದ ಸಂಶೋಧನೆಯ ಸ್ವರೂಪವೇನು, ರೈತ ಸಮುದಾಯಗಳು ತಮ್ಮ ನೆಲಕ್ಕೆ ಕೊಟ್ಟುಕೊಂಡ ಹೆಸರುಗಳಿಗೂ ಈ ಸಂಶೋಧನೆಗೂ ಇರುವ ಸಂಬಂಧವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕೆಸರಿನೊಳಗೆ ನಡೆಯುವ ಕ್ರಿಯೆ

ಒಣಭೂಮಿಯ ಮಣ್ಣಿನ ಕಣಗಳ ನಡುವೆ ಗಾಳಿಯಾಡುವ ಸಂದುಗಳಿರುತ್ತವೆ. ಅಲ್ಲಿ ಆಮ್ಲಜನಕ ದೊರೆಯುವುದರಿಂದ ಸಸ್ಯದ ಅವಶೇಷಗಳು ಕೊಳೆತು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಗದ್ದೆಯಲ್ಲಿ ನೀರು ಕಟ್ಟಿ ಕೆಸರು ಮಾಡಿದಾಗ ಈ ಸಂದುಗಳನ್ನು ನೀರು ತುಂಬಿಕೊಳ್ಳುತ್ತದೆ. ಉಳಿದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಮುಗಿಸಿಬಿಡುತ್ತವೆ. ಅನಂತರ ಅವು ಆಮ್ಲಜನಕದ ಬದಲಿಗೆ ಬೇರೆ ವಸ್ತುಗಳನ್ನು ಅವಲಂಬಿಸುತ್ತವೆ. ಮೊದಲು ನೈಟ್ರೇಟ್, ಬಳಿಕ ಮ್ಯಾಂಗನೀಸ್, ಕಬ್ಬಿಣ ಮತ್ತು ಸಲ್ಫೇಟ್ ಹೀಗೆ ಒಂದಾದ ಮೇಲೊಂದು ಖರ್ಚಾಗುತ್ತವೆ. ಇವೆಲ್ಲವೂ ತೀರಿದ ಮೇಲೆ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳ ಸರದಿ ಬರುತ್ತದೆ. ಆಮ್ಲಜನಕವಿದ್ದಲ್ಲಿ ಕೆಲಸ ಮಾಡಲಾರದ ಅತಿ ಪ್ರಾಚೀನ ಜೀವಿವರ್ಗಕ್ಕೆ ಇವು ಸೇರಿವೆ.

ಹುಟ್ಟಿದ ಮೀಥೇನ್ ಮೂರು ದಾರಿಗಳಿಂದ ಹೊರಬರುತ್ತದೆ. ಸ್ವಲ್ಪ ಭಾಗ ನೀರಿನಲ್ಲಿ ಕರಗಿ ನಿಧಾನವಾಗಿ ಮೇಲೇರುತ್ತದೆ. ಇನ್ನಷ್ಟು ಭಾಗ ಗುಳ್ಳೆಗಳಾಗಿ ಏಳುತ್ತದೆ. ಹುದುಲಿನಲ್ಲಿ ಕಾಲಿಟ್ಟಾಗ ಬುಳಬುಳನೆ ಏಳುವ ಗುಳ್ಳೆಗಳಲ್ಲಿ ಈ ಅನಿಲವಿರುತ್ತದೆ. ಆದರೆ ಬಹುಪಾಲು ಮೀಥೇನ್ ಹೊರಹೋಗುವುದು ಭತ್ತದ ಗಿಡದ ಮೂಲಕವೇ. ನೀರಿನಲ್ಲಿ ನಿಂತ ಬೇರಿಗೆ ಗಾಳಿಯನ್ನು ಇಳಿಸಲೆಂದು ಭತ್ತದ ಕಾಂಡದಲ್ಲಿ ಟೊಳ್ಳಾದ ಗಾಳಿನಾಳಗಳಿವೆ. ಕೆಳಗೆ ಆಮ್ಲಜನಕವನ್ನು ಒಯ್ಯುವ ಅದೇ ನಾಳಗಳು ಮೇಲಕ್ಕೆ ಮೀಥೇನ್ ಅನ್ನು ತರುತ್ತವೆ. ಆದಾಗ್ಯೂ ಹುಟ್ಟಿದ್ದೆಲ್ಲವೂ ಹೊರಬರುವುದಿಲ್ಲ. ಬೇರಿನ ಸುತ್ತಲೂ ಕೆಸರಿನ ಮೇಲ್ಪದರದಲ್ಲೂ ಆಮ್ಲಜನಕ ಸಿಗುವ ತೆಳುವಾದ ವಲಯವಿದ್ದು, ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳು ಮೀಥೇನನ್ನು ತಿಂದು ಬದುಕುತ್ತವೆ. ಹೀಗಾಗಿ ಗದ್ದೆಯಿಂದ ಹೊರಬರುವ ಮೀಥೇನ್ ಎಂಬುದು ಉತ್ಪಾದನೆ ಮತ್ತು ಭಕ್ಷಣೆಗಳ ನಡುವಿನ ಉಳಿಕೆಯಾಗಿದೆ.

ಈ ಕ್ರಿಯೆಯ ಹಂತಗಳನ್ನು ಗಮನಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ನೀರು ಎಷ್ಟು ದಿನ ಎಡೆಬಿಡದೆ ನಿಂತಿತು ಎಂಬುದು ಇಲ್ಲಿ ನಿರ್ಣಾಯಕ. ನಡುವೆ ಕೆಲವು ದಿನ ಗದ್ದೆ ಆರಿದರೆ ಗಾಳಿ ಒಳಹೊಕ್ಕು, ಖರ್ಚಾಗಿದ್ದ ವಸ್ತುಗಳು ಮತ್ತೆ ತುಂಬಿಕೊಳ್ಳುತ್ತವೆ. ಪುನಃ ನೀರು ಕಟ್ಟಿದಾಗ ಎಲ್ಲವೂ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

ಅಳತೆಯ ಹಿನ್ನೆಲೆ

ಜೌಗಿನಿಂದ ಉರಿಯುವ ಅನಿಲ ಹೊರಡುತ್ತದೆಂಬುದನ್ನು 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಾಜೊರೆ ಸರೋವರದ ಕೆಸರನ್ನು ಕಲಕಿ ತೋರಿಸಿದ್ದನು. ಭತ್ತದ ಗದ್ದೆಯ ಅನಿಲಗಳ ಬಗೆಗಿನ ಆರಂಭಿಕ ವ್ಯವಸ್ಥಿತ ಅಧ್ಯಯನಗಳಲ್ಲಿ ಒಂದು ಭಾರತದಲ್ಲಿಯೇ ನಡೆಯಿತೆಂಬುದು ಗಮನಾರ್ಹ. ಮದ್ರಾಸ್ ಪ್ರಾಂತ್ಯದ ಕೃಷಿ ರಸಾಯನ ವಿಜ್ಞಾನಿ ಡಬ್ಲ್ಯು.ಎಚ್. ಹ್ಯಾರಿಸನ್ ಮತ್ತು ಪಿ.ಎ. ಸುಬ್ರಮಣ್ಯ ಅಯ್ಯರ್ ಅವರು 1913ರಿಂದ ಪ್ರಕಟಿಸಿದ ಲೇಖನಗಳಲ್ಲಿ, ನೀರು ನಿಂತ ಭತ್ತದ ಮಣ್ಣಿನ ಅನಿಲಗಳಲ್ಲಿ ಮೀಥೇನ್ ಪ್ರಧಾನವಾದುದೆಂದೂ, ಮಣ್ಣಿನ ಮೇಲ್ಮೈಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪೊರೆಯು ಅನಿಲಗಳನ್ನು ಬದಲಿಸುತ್ತದೆಂದೂ ನಿರೂಪಿಸಿದರು. ಅವರ ಆಸಕ್ತಿ ಹವಾಮಾನದಲ್ಲಿರಲಿಲ್ಲ. ಬೆಳೆಯ ಬೇರಿಗೆ ಗಾಳಿ ಹೇಗೆ ಸಿಗುತ್ತದೆ ಎಂಬ ಪ್ರಶ್ನೆಯಲ್ಲಿತ್ತು.

1963ರಲ್ಲಿ ಜಪಾನಿನ ಕೊಯಾಮಾ ಅವರು ಪ್ರಯೋಗಾಲಯದಲ್ಲಿ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿ, ಜಗತ್ತಿನ ಗದ್ದೆಗಳೆಲ್ಲ ಸೇರಿ ವರ್ಷಕ್ಕೆ 19 ಕೋಟಿ ಟನ್ ಮೀಥೇನ್ ಬಿಡುತ್ತವೆಂದು ಅಂದಾಜಿಸಿದರು. ಬೆಳೆ ನಿಂತ ಗದ್ದೆಯಲ್ಲಿ ನೇರವಾಗಿ ಅಳೆಯುವ ಕೆಲಸವನ್ನು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಸೆರೋನ್ ಮತ್ತು ಶೆಟ್ಟರ್ ಪ್ರಕಟಿಸಿದರು. ಅನಂತರ ಸೈಲರ್ ಮತ್ತು ಸಂಗಡಿಗರು ಸ್ಪೇನ್ ಹಾಗೂ ಇಟಲಿಗಳಲ್ಲಿ ಅಳತೆ ನಡೆಸಿದರು. ಈ ಅಧ್ಯಯನಗಳು ತಮ್ಮಷ್ಟಕ್ಕೆ ನಿಖರವಾಗಿದ್ದವು. ಆದರೆ ಅವು ನಡೆದ ಗದ್ದೆಗಳು ಬೆಳೆಯ ಉದ್ದಕ್ಕೂ ನೀರು ನಿಂತಿರುವ, ಹೇರಳ ಗೊಬ್ಬರ ಪಡೆಯುವ, ಅಧಿಕ ಇಳುವರಿಯ ಗದ್ದೆಗಳಾಗಿದ್ದವು. ಏಷ್ಯಾದ ಭತ್ತದ ನೆಲವೆಲ್ಲವೂ ಇದೇ ರೀತಿಯದೆಂದು ಭಾವಿಸಿ ಗುಣಿಸಿದಾಗ ದೋಷ ತಲೆದೋರಿತು.

ಭಾರತದಲ್ಲಿ ಆಗ ಸುಮಾರು 4 ಕೋಟಿ 20 ಲಕ್ಷ ಹೆಕ್ಟೇರ್ ಭತ್ತದ ನೆಲವಿತ್ತು. 3 ಕೋಟಿ 78 ಲಕ್ಷ ಟನ್ ಮೀಥೇನನ್ನು ಇದಕ್ಕೆ ಹಂಚಿದರೆ ಹೆಕ್ಟೇರಿಗೆ 900 ಕಿಲೋಗ್ರಾಂ ಆಗುತ್ತದೆ. ಆ ಕಾಲದ ಸರಾಸರಿ ಅಕ್ಕಿಯ ಇಳುವರಿ ಹೆಕ್ಟೇರಿಗೆ 1,700 ಕಿಲೋಗ್ರಾಂ ಆಸುಪಾಸಿನಲ್ಲಿತ್ತು. ಅಂದರೆ ಗದ್ದೆಯು ಕೊಡುವ ಅಕ್ಕಿಯ ಅರ್ಧಕ್ಕೂ ಹೆಚ್ಚಿನ ತೂಕದ ಮೀಥೇನನ್ನು ಬಿಡುತ್ತದೆಂದು ಆ ಅಂದಾಜು ಸಾರುತ್ತಿತ್ತು. ಜಗತ್ತಿನ ಎಲ್ಲ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3 ಕೋಟಿ ಟನ್ ಮೀಥೇನ್ ಹೊರಬರುತ್ತದೆಂದು 2020ರಲ್ಲಿ ಪ್ರಕಟವಾದ ಜಾಗತಿಕ ಮೀಥೇನ್ ಆಯವ್ಯಯ ವರದಿ ಹೇಳುತ್ತದೆ. ಭಾರತವೊಂದಕ್ಕೇ ಹೊರಿಸಲಾಗಿದ್ದ ಮೊತ್ತ ಇದನ್ನೂ ಮೀರಿತ್ತು.

ಮಿತ್ರ ಅವರ ಕೊಡುಗೆ

ಎ.ಪಿ. ಮಿತ್ರ (1927–2007) ಮೂಲತಃ ಮಣ್ಣಿನ ವಿಜ್ಞಾನಿಯಲ್ಲ. ಕಲ್ಕತ್ತೆಯಲ್ಲಿ ಎಸ್.ಕೆ. ಮಿತ್ರ ಅವರ ಶಿಷ್ಯರಾಗಿ ಅಯಾನುಗೋಳದ ಅಧ್ಯಯನದಲ್ಲಿ ತೊಡಗಿ, 1954ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿದರು. ಮುಂದೆ ಅದರ ನಿರ್ದೇಶಕರಾಗಿ, ಬಳಿಕ 1986ರಿಂದ 1991ರವರೆಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿ ಕಾರ್ಯನಿರ್ವಹಿಸಿದರು. ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದ ವಾತಾವರಣವನ್ನು ಅಭ್ಯಸಿಸಿದ ವಿದ್ವಾಂಸರು ಕೊನೆಗೆ ಕೆಸರುಗದ್ದೆಯ ಕಡೆಗೆ ದೃಷ್ಟಿ ಹರಿಸಿದುದು ಆಕಸ್ಮಿಕವಲ್ಲ. ಮೇಲಿನ ವಾತಾವರಣದ ರಚನೆಯನ್ನು ಕೆಳಗಿನ ನೆಲದಿಂದ ಏಳುವ ಅನಿಲಗಳು ಬದಲಿಸುತ್ತಿವೆ ಎಂಬ ಅರಿವು ಅವರನ್ನು ಅಲ್ಲಿಗೆ ತಂದಿತು.

ಕಾಲವೂ ಅಂತಹುದಾಗಿತ್ತು. 1988ರಲ್ಲಿ ಅಂತರಸರ್ಕಾರಿ ಹವಾಮಾನ ಬದಲಾವಣೆ ಮಂಡಳಿ ಸ್ಥಾಪನೆಯಾಗಿತ್ತು. 1992ರ ರಿಯೊ ಶೃಂಗಸಭೆಗೆ ಸಿದ್ಧತೆ ನಡೆದಿತ್ತು. ಯಾವ ದೇಶ ಎಷ್ಟು ಹೊಣೆ ಹೊರಬೇಕೆಂಬ ಚರ್ಚೆಯಲ್ಲಿ ಅಂಕಿಗಳೇ ಆಯುಧಗಳಾಗಿದ್ದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರ ತಮ್ಮ ಪುಸ್ತಿಕೆಯಲ್ಲಿ, ಹೊಟ್ಟೆಪಾಡಿನ ಕೃಷಿಯಿಂದ ಬರುವ ಅನಿಲವನ್ನೂ ಭೋಗಜೀವನದ ವಾಹನಗಳಿಂದ ಬರುವ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ವಾದಿಸಿದರು. ಅದು ನ್ಯಾಯದ ಪ್ರಶ್ನೆಯಾಗಿತ್ತು. ಅದಕ್ಕೆ ಪೂರಕವಾಗಿ ಮಿತ್ರ ಮತ್ತು ಸಂಗಡಿಗರು ಎತ್ತಿಕೊಂಡುದು ಸತ್ಯದ ಪ್ರಶ್ನೆ: ತೂಗಿದ ತೂಕವೇ ಸರಿಯೇ?

ಡಿ.ಸಿ. ಪರಾಶರ್ ಮೊದಲಾದ ಸಹೋದ್ಯೋಗಿಗಳೊಂದಿಗೆ 1991ರಲ್ಲಿ ನಡೆದ ಮೀಥೇನ್ ಮಾಪನ ಅಭಿಯಾನದಲ್ಲಿ ದೇಶದ ಹಲವು ಸಂಶೋಧನಾ ಸಂಸ್ಥೆಗಳು ಪಾಲ್ಗೊಂಡವು. ಬಳಸಿದ ಸಾಧನ ಸರಳವಾದುದು. ಗದ್ದೆಯಲ್ಲಿ ಕೆಲವು ಬುಡಗಳ ಮೇಲೆ ಪಾರದರ್ಶಕ ಪೆಟ್ಟಿಗೆಯನ್ನು ಕವುಚಿ, ನಿಗದಿತ ನಿಮಿಷಗಳಿಗೊಮ್ಮೆ ಅದರೊಳಗಿನ ಗಾಳಿಯನ್ನು ಸಿರಿಂಜಿನಿಂದ ತೆಗೆದು, ಪ್ರಯೋಗಾಲಯದ ಅನಿಲ ವರ್ಣರೇಖಕ ಯಂತ್ರದಲ್ಲಿ ಪರೀಕ್ಷಿಸಲಾಗುತ್ತದೆ. ಪೆಟ್ಟಿಗೆಯೊಳಗೆ ಮೀಥೇನ್ ಏರುವ ವೇಗದಿಂದ ಗದ್ದೆಯ ವಿಸರ್ಜನೆಯನ್ನು ಲೆಕ್ಕಹಾಕುತ್ತಾರೆ. ಸಾಧನಕ್ಕಿಂತ ಮುಖ್ಯವಾದುದು ಅದನ್ನು ಎಲ್ಲೆಲ್ಲಿ ಇಡಲಾಯಿತು ಎಂಬುದು. ಸದಾ ನೀರು ನಿಂತ ಗದ್ದೆ, ಆಗಾಗ ಆರುವ ನೀರಾವರಿ ಗದ್ದೆ, ಮಳೆಯಾಶ್ರಿತ ತಗ್ಗು, ಆಳನೀರಿನ ಭತ್ತ, ನೀರೇ ನಿಲ್ಲದ ಎತ್ತರದ ನೆಲ ಎಂಬ ಭೇದಗಳನ್ನು ಗಣನೆಗೆ ತೆಗೆದುಕೊಂಡು, ಪ್ರತಿಯೊಂದು ವರ್ಗದ ವಿಸ್ತೀರ್ಣಕ್ಕೆ ಅದರದೇ ಅಳತೆಯನ್ನು ಅನ್ವಯಿಸಲಾಯಿತು.

ಫಲಿತಾಂಶ ಸುಮಾರು 40 ಲಕ್ಷ ಟನ್. ಹೆಕ್ಟೇರಿಗೆ ಸರಾಸರಿ 95 ಕಿಲೋಗ್ರಾಂ. ಮುಂದಿನ ಅಧ್ಯಯನಗಳೂ ಇದೇ ಆಸುಪಾಸಿನ ಅಂಕಿಗಳನ್ನು ಕೊಟ್ಟವು. 2007ನೆಯ ಸಾಲಿಗೆ ಸಂಬಂಧಿಸಿದ ಭಾರತದ ಹಸಿರುಮನೆ ಅನಿಲ ಪಟ್ಟಿಯಲ್ಲಿ ಭತ್ತದ ಪಾಲು ಸುಮಾರು 33 ಲಕ್ಷ ಟನ್ ಮೀಥೇನ್ ಎಂದು ನಮೂದಾಯಿತು. ನೀರಿನ ಸ್ಥಿತಿಗತಿಗನುಸಾರವಾಗಿ ಗದ್ದೆಗಳನ್ನು ವಿಂಗಡಿಸಿ ಲೆಕ್ಕಹಾಕುವ ಕ್ರಮ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ನೆಲೆಗೊಂಡಿದೆ. ಅದರ 2019ರ ಪರಿಷ್ಕರಣದ ಪ್ರಕಾರ, ಸದಾ ನೀರು ನಿಂತ ಗದ್ದೆಯ ವಿಸರ್ಜನೆಯನ್ನು 1 ಎಂದಿಟ್ಟುಕೊಂಡರೆ, ಒಮ್ಮೆ ಆರಿಸಿದ ಗದ್ದೆಯದು 0.71, ಹಲವು ಬಾರಿ ಆರಿಸಿದ ಗದ್ದೆಯದು 0.55, ನೀರು ನಿಲ್ಲದ ಎತ್ತರದ ಭತ್ತದ ನೆಲದ್ದು ಸೊನ್ನೆ.

ಬೈಲು, ಮಜಲು, ಬೆಟ್ಟು

ವಿಜ್ಞಾನವು ಹೀಗೆ ಅಭಿಯಾನ ನಡೆಸಿ ಕಂಡುಕೊಂಡ ವಿಂಗಡಣೆಯ ತತ್ತ್ವವು ಭತ್ತ ಬೆಳೆಯುವ ಸಮುದಾಯಗಳ ಭಾಷೆಯಲ್ಲಿ ಮೊದಲೇ ಇತ್ತೆಂಬುದಕ್ಕೆ ಕರ್ನಾಟಕದ ಕರಾವಳಿ ಉತ್ತಮ ನಿದರ್ಶನ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ಹೊಳೆ ತೋಡುಗಳ ನೀರು ಸದಾ ದೊರೆಯುವ ತಗ್ಗಿನ ಗದ್ದೆ ಬೈಲು. ಇಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ತೆಗೆಯಬಹುದು. ಇಳಿಜಾರಿನ ನಡುವಣದು ಮಜಲು. ಇಲ್ಲಿ ಸಾಮಾನ್ಯವಾಗಿ ಎರಡು ಬೆಳೆ. ಮಳೆಯನ್ನೇ ನಂಬಿದ ಮೇಲಿನ ಗದ್ದೆ ಬೆಟ್ಟು. ಇಲ್ಲಿ ಏಣೆಲು ಒಂದೇ. 1800–01ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಮೂರು ವರ್ಗಗಳನ್ನು ದಾಖಲಿಸಿದ್ದಾನೆ. ಮಲೆನಾಡಿನಲ್ಲಿ ಮಳೆಯಾಶ್ರಿತ ಮೇಲುಗದ್ದೆಯನ್ನು ಮಕ್ಕಿ ಎನ್ನುವುದುಂಟು. ಧಾರವಾಡ, ಹಾವೇರಿ ಭಾಗಗಳಲ್ಲಿ ಮುಂಗಾರಿನ ಮೊದಲೇ ಕೂರಿಗೆಯಿಂದ ಒಣಮಣ್ಣಿನಲ್ಲಿ ಭತ್ತ ಬಿತ್ತುವ ಪದ್ಧತಿಯಿದೆ.

ಈ ಹೆಸರುಗಳು ಕೇವಲ ಎತ್ತರ ತಗ್ಗುಗಳನ್ನು ಸೂಚಿಸುವುದಿಲ್ಲ. ನೀರು ಎಷ್ಟು ಕಾಲ ನಿಲ್ಲುತ್ತದೆ, ಕೆಸರು ಎಂದು ಆರುತ್ತದೆ, ಎಷ್ಟು ಬೆಳೆ ಬರುತ್ತದೆ ಎಂಬ ಸಂಗತಿಗಳನ್ನು ಒಂದೇ ಪದದಲ್ಲಿ ಅಡಕಗೊಳಿಸುತ್ತವೆ. ಬೆದೆ, ಹದ, ಕೆಸರು, ಹುದುಲು, ಜವುಳು ಎಂಬ ಪದಗಳನ್ನು ಇವುಗಳ ಪಕ್ಕದಲ್ಲಿಟ್ಟರೆ, ಗಾಳಿ ಮತ್ತು ನೀರು ಮಣ್ಣಿನೊಳಗೆ ಸ್ಥಳಕ್ಕಾಗಿ ಸ್ಪರ್ಧಿಸುವ ಎಲ್ಲ ಹಂತಗಳೂ ಹೆಸರು ಪಡೆದಿರುವುದು ಕಾಣುತ್ತದೆ. ರೈತರು ಮೀಥೇನನ್ನು ಅರಿತಿದ್ದರೆಂದು ಇದರ ಅರ್ಥವಲ್ಲ. ಮೀಥೇನನ್ನು ನಿಯಂತ್ರಿಸುವ ಮುಖ್ಯ ಅಂಶವನ್ನು ಅವರು ಬೆಳೆಯ ಕಾರಣಕ್ಕಾಗಿ ಗಮನಿಸಿದ್ದರು. ಈ ಹೋಲಿಕೆಯು ಮಾಪನಕ್ಕೆ ಬದಲಿಯೂ ಅಲ್ಲ; ಪೆಟ್ಟಿಗೆಯನ್ನು ಯಾವ ಗದ್ದೆಯಲ್ಲಿ ಇಡಬೇಕು, ಯಾವ ಗದ್ದೆಯ ಅಂಕಿಯನ್ನು ಯಾವುದಕ್ಕೆ ಅನ್ವಯಿಸಬಾರದು ಎಂಬುದಕ್ಕೆ ಮಾರ್ಗದರ್ಶಿ.

ಗೊಬ್ಬರದ ವಿಷಯದಲ್ಲೂ ಇಂತಹ ಸಂಬಂಧ ಕಾಣುತ್ತದೆ. ಹಸಿಸೊಪ್ಪು ಅಥವಾ ಹೊಸ ಹುಲ್ಲನ್ನು ನೇರವಾಗಿ ಕೆಸರಿಗೆ ತುಳಿದರೆ ಮೀಥೇನ್ ಉತ್ಪಾದಿಸುವ ಜೀವಿಗಳಿಗೆ ಹೇರಳ ಆಹಾರ ಸಿಗುತ್ತದೆ. ಅದೇ ಸೊಪ್ಪು ದನದ ಕಾಲಡಿ ಸಿಕ್ಕು, ತಿಪ್ಪೆಯಲ್ಲಿ ಕಳಿತು ಬಂದರೆ ಗದ್ದೆಯಲ್ಲಿ ಹುಟ್ಟುವ ಮೀಥೇನ್ ಬಹಳ ಕಡಿಮೆ. ಆದ್ದರಿಂದ ಮಲೆನಾಡಿನ ಸೊಪ್ಪಿನ ಬೆಟ್ಟ, ಕೊಟ್ಟಿಗೆ, ತಿಪ್ಪೆ, ಗದ್ದೆಗಳ ಸರಣಿಯನ್ನು ಇಡಿಯಾಗಿ ನೋಡದೆ ಗದ್ದೆಯೊಂದನ್ನೇ ಅಳೆದರೆ ಚಿತ್ರ ಅಪೂರ್ಣವಾಗುತ್ತದೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಮುಖದ ಗಜನಿ ಭೂಮಿಗಳು ಇನ್ನೊಂದು ಸಾಧ್ಯತೆಯನ್ನು ಮುಂದಿಡುತ್ತವೆ. ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಇಲ್ಲಿಯ ಬೆಳೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿರುತ್ತದೆ. ಸಲ್ಫೇಟ್ ಇರುವಷ್ಟು ಕಾಲ ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಆಹಾರವನ್ನು ಮೊದಲು ಕಬಳಿಸುವುದರಿಂದ ಮೀಥೇನ್ ಉತ್ಪಾದಕಗಳಿಗೆ ಅವಕಾಶ ಕಡಿಮೆಯಾಗುತ್ತದೆ. ಸದಾ ತೇವವಾಗಿದ್ದರೂ ಗಜನಿಯು ಬೈಲಿಗೆ ಸಮನಲ್ಲವೆಂದು ಈ ತತ್ತ್ವದಿಂದ ನಿರೀಕ್ಷಿಸಬಹುದು. ಎರಡಕ್ಕೂ ಬೇರೆ ಬೇರೆ ಹೆಸರಿರುವುದು ಸಂಶೋಧಕರ ಗಮನಕ್ಕೆ ಅರ್ಹವಾದುದು.

ಸರಳೀಕರಣದ ಅಪಾಯ

ಹೊರಗಿನ ಅಂದಾಜು ತಪ್ಪಾಗಿತ್ತೆಂಬ ಕಾರಣಕ್ಕೆ ನಮ್ಮ ಗದ್ದೆಗಳು ನಿರ್ದೋಷಿಗಳೆಂದು ತೀರ್ಮಾನಿಸುವುದು ಮತ್ತೊಂದು ತಪ್ಪಾಗುತ್ತದೆ. 40 ಲಕ್ಷ ಟನ್ ಎಂಬುದು ಸಣ್ಣ ಮೊತ್ತವಲ್ಲ. ನೂರು ವರ್ಷಗಳ ಅವಧಿಯಲ್ಲಿ ಮೀಥೇನ್ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖವನ್ನು ಹಿಡಿಯುತ್ತದೆ. ಅಲ್ಲದೆ ಸಂಪ್ರದಾಯದ ಗದ್ದೆಗಳೆಲ್ಲ ಕಡಿಮೆ ಮೀಥೇನ್ ಬಿಡುತ್ತವೆಂಬ ನಿಯಮವೂ ಇಲ್ಲ. ವರ್ಷದ ಬಹುಕಾಲ ನೀರು ನಿಲ್ಲುವ, ಹಸಿಸೊಪ್ಪು ತುಂಬಿದ ಬೈಲುಗದ್ದೆ ಹೆಚ್ಚು ಮೀಥೇನ್ ಬಿಡುವ ವರ್ಗಕ್ಕೇ ಸೇರುತ್ತದೆ. ಕಾವೇರಿ ಮತ್ತು ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಕಾಲುವೆಯ ನೀರು ಹೊಸ ಬೈಲುಗಳನ್ನೇ ನಿರ್ಮಿಸಿದೆ.

ಪರಿಹಾರವೂ ನೇರವಾದುದಲ್ಲ. ಗದ್ದೆಯನ್ನು ಆಗಾಗ ಆರಿಸಿ ನೀರುಣಿಸಿದರೆ ಮೀಥೇನ್ ಇಳಿಯುತ್ತದೆ, ನೀರೂ ಉಳಿಯುತ್ತದೆ. ಆದರೆ ಯೂರಿಯಾ ಹಾಕಿದ ಮಣ್ಣು ಒಮ್ಮೆ ಆರಿ ಒಮ್ಮೆ ನೆನೆಯುತ್ತಿದ್ದರೆ ಸಾರಜನಕದ ರೂಪಾಂತರದಲ್ಲಿ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಇದರ ಶಾಖ ಹಿಡಿಯುವ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ವಾತಾವರಣದಲ್ಲಿ ಅದರ ಆಯುಷ್ಯ ನೂರು ವರ್ಷಕ್ಕೂ ಮಿಕ್ಕಿದ್ದು. ಮೀಥೇನಿನ ಆಯುಷ್ಯವಾದರೋ ಹನ್ನೆರಡು ವರ್ಷದ ಆಸುಪಾಸು. ಎರಡು ಅನಿಲಗಳನ್ನೂ ಒಟ್ಟಿಗೆ ಅಳೆದು, ಗೊಬ್ಬರದ ಪ್ರಮಾಣ ಮತ್ತು ಸಮಯಗಳನ್ನು ಹೊಂದಿಸಿಕೊಂಡಾಗ ಮಾತ್ರ ನೀರು ಆರಿಸುವ ಪದ್ಧತಿ ನಿಜವಾದ ಲಾಭ ಕೊಡುತ್ತದೆ. ಜೊತೆಗೆ, ನೀರು ಆರಿಸುವ ಸ್ವಾತಂತ್ರ್ಯ ಎಲ್ಲ ರೈತರಿಗೂ ಇಲ್ಲವೆಂಬುದನ್ನು ಮರೆಯಬಾರದು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹರಿಯುವ ಬೈಲಿನಲ್ಲಿ, ಕಾಲುವೆಯ ಕೊನೆಯಂಚಿನಲ್ಲಿ, ನೀರನ್ನು ಯಾವಾಗ ಬಿಡಬೇಕು, ಯಾವಾಗ ಬಸಿಯಬೇಕು ಎಂಬುದು ಒಬ್ಬರ ನಿರ್ಧಾರವಾಗಿರುವುದಿಲ್ಲ.

ಸಮಾರೋಪ

ಮಿತ್ರ ಮತ್ತು ಸಂಗಡಿಗರ ಸಂಶೋಧನೆಯನ್ನು ಭಾರತದ ಪರವಾಗಿ ನಡೆದ ವಾದವೆಂದಷ್ಟೇ ಗ್ರಹಿಸಿದರೆ ಅದರ ಮಹತ್ವ ಕುಗ್ಗುತ್ತದೆ. ಒಂದು ಗದ್ದೆಯ ಸತ್ಯವನ್ನು ಇನ್ನೊಂದು ಗದ್ದೆಗೆ ವಿಚಾರಿಸದೆ ಹೊರಿಸಬಾರದೆಂಬುದು ಅದು ಸ್ಥಾಪಿಸಿದ ವಿವೇಕ. ಈ ವಿವೇಕವು ದೇಶದೊಳಗೂ ಅನ್ವಯಿಸುತ್ತದೆ. ಇಟಲಿಯ ಅಂಕಿಯನ್ನು ಭಾರತಕ್ಕೆ ಹೊರಿಸುವುದು ತಪ್ಪಾದರೆ, ಸಿಂಧನೂರಿನ ಕಾಲುವೆಯಂಚಿನ ಅಂಕಿಯನ್ನು ಬಂಟ್ವಾಳದ ಬೆಟ್ಟುಗದ್ದೆಗೆ ಹೊರಿಸುವುದೂ ತಪ್ಪೇ.

ಸ್ಥಳೀಯ ಭೇದಗಳನ್ನು ಗುರುತಿಸಲು ಬೇಕಾದ ಪದಸಂಪತ್ತು ಜನಪದರಲ್ಲಿದೆ. ಆದರೆ ಕರಾವಳಿಯಲ್ಲಿ ಭತ್ತದ ನೆಲ ಕುಗ್ಗಿ ಅಡಿಕೆ ತೋಟ ಹಬ್ಬುತ್ತಿರುವಂತೆ ಮಜಲು, ಬೆಟ್ಟು ಎಂಬ ಪದಗಳು ಊರಿನ, ಮನೆತನದ ಹೆಸರುಗಳಲ್ಲಿ ಮಾತ್ರ ಉಳಿಯುತ್ತಿವೆ. ಕೊಳಕೆ ಬೆಳೆಯನ್ನು ಕಣ್ಣಾರೆ ಕಂಡವರ ಸಂಖ್ಯೆ ಇಳಿಯುತ್ತಿದೆ. ಮಣ್ಣಿನ ವಿಜ್ಞಾನಿಯೂ ಜಾನಪದ ಕ್ಷೇತ್ರಕಾರ್ಯಕರ್ತನೂ ಒಂದೇ ಗದ್ದೆಯ ಅಂಚಿನಲ್ಲಿ ಕುಳಿತು, ಒಬ್ಬರು ಅನಿಲವನ್ನೂ ಇನ್ನೊಬ್ಬರು ಆ ಗದ್ದೆಯ ಹೆಸರು, ನೀರಿನ ಸರದಿ, ಗೊಬ್ಬರದ ಕ್ರಮಗಳನ್ನೂ ದಾಖಲಿಸುವ ಸಂಯುಕ್ತ ಅಧ್ಯಯನಗಳು ಇಂದು ಅಗತ್ಯವಾಗಿವೆ. ಆ ಹೆಸರುಗಳನ್ನು ಅರ್ಥ ಸಹಿತ ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.